ಸೋಲಲೆಂದೇ ಹೂಡುವ ವಾದ

ಮಾರ್ಚ್ ಕಳೆದು ಏಪ್ರಿಲ್ ಬಿತ್ತೆಂದರೆ ಇಂಗ್ಲೆಂಡಿನ ಫುಟ್‌ಬಾಲ್ ಊರುಗಳಲ್ಲಿ ಎಲ್ಲರಿಗೂ ಲೆಕ್ಕದ ಹುಚ್ಚು ಹಿಡಿಯುತ್ತದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಲು ತಡವರಿಸಿದವನೂ ಈಗ ತನ್ನ ತಂಡದ ಗೋಲು ವ್ಯತ್ಯಾಸ, ಪಕ್ಕದೂರಿನ ತಂಡದ ಗೋಲು ವ್ಯತ್ಯಾಸ ಎರಡನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ, ತಲಾ 38 ಪಂದ್ಯ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕೊನೆಗೆ ಪಟ್ಟಿಯ ಅಡಿಯಲ್ಲಿ ಉಳಿದ ಮೂರು ತಂಡ ಕೆಳಗಿನ ದರ್ಜೆಗೆ. ರೆಲಿಗೇಷನ್ ಅಂದರೆ ಇಷ್ಟೇ. ಇಷ್ಟರಿಂದ ಹುಟ್ಟುವ ಮಾತು ಮಾತ್ರ ಬೆಳಗಿನಿಂದ ಬೈಗಿನವರೆಗೆ ಆಡಿದರೂ ತೀರುವಂಥದ್ದಲ್ಲ.

ಪ್ರಶಸ್ತಿ ಗೆಲ್ಲುವ ತಂಡದವರ ಮಾತು ನನಗೆ ಅಷ್ಟಾಗಿ ರುಚಿಸದು. ಅಲ್ಲಿರುವುದು ವೀರರಸ ಒಂದೇ, ಅದೂ ಅಳತೆ ಮೀರಿ. ಕೇಳಬೇಕಾದ್ದು 17ನೇ ಸ್ಥಾನಕ್ಕೆ ಜೋತುಬಿದ್ದವರ ಮಾತನ್ನು. ನಾಟ್ಯಶಾಸ್ತ್ರದ ಭರತ ಎಣಿಸಿಟ್ಟ 33 ಸಂಚಾರಿ ಭಾವಗಳಲ್ಲಿ ಶಂಕೆ, ಅಸೂಯೆ, ದೈನ್ಯ, ಚಿಂತೆ, ಗರ್ವ, ವಿಷಾದ, ಉನ್ಮಾದ ಇಷ್ಟಾದರೂ ಒಂದು ಲೋಟ ಬಿಯರ್ ಖಾಲಿಯಾಗುವಷ್ಟರಲ್ಲಿ ಬಂದುಹೋಗುತ್ತವೆ.

ಅಲ್ಲಿ ಎರಡು ಪಕ್ಷ. 'ಈ ಸಲ ಇಳಿದೇ ಇಳೀತೀವಿ' ಅನ್ನುವವನದು ಒಂದು, 'ಏನೂ ಆಗಲ್ಲ, ಹೇಗೋ ಉಳ್ಕೋತೀವಿ' ಅನ್ನುವವನದು ಇನ್ನೊಂದು. ಕೋರ್ಟಿನಲ್ಲಿರಲಿ, ಚುನಾವಣಾ ಕಣದಲ್ಲಿರಲಿ, ವಾದಕ್ಕೆ ನಿಂತವನಿಗೆ ಗೆಲ್ಲುವ ಆಸೆ ಇರುತ್ತದೆ. ಇಲ್ಲಿ ಹಾಗಲ್ಲ. ಇಳೀತೀವಿ ಅನ್ನುವವನು ಹಿಂದಿನ ಹತ್ತು ವರ್ಷದ ಚರಿತ್ರೆ, ಮುನ್ಪಡೆ ಆಟಗಾರನ ಮಂಡಿನೋವು, ತರಬೇತುದಾರನ ಮೊಂಡುತನ ಎಲ್ಲವನ್ನೂ ಒಟ್ಟುಮಾಡಿ, ಎದುರಿನವನು ಬಾಯಿ ತೆರೆಯದ ಹಾಗೆ ವಾದ ಕಟ್ಟುತ್ತಾನೆ. ಕಟ್ಟಿ ಮುಗಿಸಿ, ಅದು ಶುದ್ಧ ಸುಳ್ಳಾಗಲಿ ಎಂದು ಒಳಗೊಳಗೇ ಹರಕೆ ಹೊತ್ತಿರುತ್ತಾನೆ. ಎದುರಿನವನಿಗೂ ಇದು ಗೊತ್ತು. ಆದ್ದರಿಂದಲೇ ಅವನು ಸಿಟ್ಟಾಗದೆ ಇನ್ನೊಂದು ಲೋಟ ತರಿಸುತ್ತಾನೆ. ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ತೋರಗೊಡದ ಅವಹಿತ್ಥವೂ ಆ 33ರಲ್ಲಿ ಒಂದು. ಅದನ್ನು ನೋಡಬೇಕಾದರೆ ಇವನ ಮುಖ ನೋಡಬೇಕು. ಆಸೆಯನ್ನು ಮುಚ್ಚಿಡಲು ನಿರಾಶೆಗಿಂತ ಒಳ್ಳೆಯ ಮರೆ ಅವನಿಗೆ ಸಿಕ್ಕಿಲ್ಲ. ಆಸೆಯನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ಭಯ ಲಿವರ್‌ಪೂಲ್‌ನಲ್ಲೂ ಇದೆ, ಬರ್ಮಿಂಗ್‌ಹ್ಯಾಮ್‌ನಲ್ಲೂ ಇದೆ.

ಮಾತು ರಂಗೇರುವುದು ಉಳಿದ ಪಂದ್ಯಗಳ ಪಟ್ಟಿ ಕೈಗೆ ಬಂದಾಗ. ಹೆಣ್ಣು ಗಂಡಿನ ಜಾತಕ ಮುಂದಿಟ್ಟುಕೊಂಡು ಹೇಗಾದರೂ ಹೊಂದಿಸಲೇಬೇಕೆಂದು ಕೂತ ಜೋಯಿಸರ ಹಾಗೆ ಅದನ್ನು ಓದುತ್ತಾರೆ. ತವರಿನಲ್ಲಿ ಮೂರು ಪಂದ್ಯ, ಹೊರಗೆ ಮೂರು. ಮೊದಲನೆಯದು ಚಾಂಪಿಯನ್ನರ ಮೇಲೆ, ಅದರ ಆಸೆ ಬಿಡಿ. ಎರಡನೆಯದರ ಎದುರಾಳಿ ಪಟ್ಟಿಯ ನಡುವೆ ಹಾಯಾಗಿ ಕೂತಿದ್ದಾನೆ, ಅವನಿಗೆ ಗೆದ್ದು ಆಗಬೇಕಾದ್ದು ಏನೂ ಇಲ್ಲ, ಆಟಗಾರರ ಮನಸ್ಸು ಆಗಲೇ ರಜೆಯ ಕಡೆ ಹೊರಟಿದೆ. ಮೂರು ಅಂಕ ಬರೆದುಕೊಳ್ಳಿ. ತಕ್ಷಣ ಇನ್ನೊಂದು ಪಕ್ಷದವನ ತಕರಾರು: ಸೋತರೆ ಹೋಗುವುದೇನೂ ಇಲ್ಲ ಅಂದಾಗಲೇ ಅವರು ಕಾಲು ಬೀಸಿ ಆಡುವುದು, ಅಲ್ಲಿ ನಮಗೆ ಒಂದಂಕವೂ ಸಿಗಲಿಕ್ಕಿಲ್ಲ. ಒಂದೇ ಪಂದ್ಯ, ಒಂದೇ ಕಾರಣ, ಎರಡು ಫಲ. ಇಬ್ಬರಲ್ಲಿ ಯಾರು ಸರಿ ಎಂದು ಕೇಳುವವನು ಈ ಮಾತಿಗೆ ಹೊಸಬ.

ಇವರ ಪಂಚಾಂಗದಲ್ಲಿ 40 ಒಂದು ಪವಿತ್ರ ಅಂಕಿ. 40 ಅಂಕ ದಾಟಿದರೆ ದಡ ಸೇರಿದಂತೆ ಎಂದು ತರಬೇತುದಾರರೂ ಹೇಳುತ್ತಾರೆ, ಪತ್ರಿಕೆಯವರೂ ಬರೆಯುತ್ತಾರೆ. 2003ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಪಡೆದೂ ಇಳಿಯಿತು. 2005ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 34ರಲ್ಲೇ ಉಳಿಯಿತು. ಹೀಗಾಗಿ ಎರಡೂ ಪಕ್ಷಕ್ಕೆ ಒಂದೊಂದು ಪ್ರಮಾಣವಾಕ್ಯ ಸಿಕ್ಕಿದೆ. ವಾದ ಬೆಳೆಯಲು ಇಷ್ಟು ಸಾಕು.

ಆ 2005ರ ಮೇ 15ನ್ನು ನಿಧಾನವಾಗಿ ನೋಡಬೇಕು. ಅಂದು ಬೆಳಿಗ್ಗೆ ನಾರಿಚ್ 33 ಅಂಕ, ಸೌತಾಂಪ್ಟನ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ತಲಾ 32, ಎಲ್ಲರ ಅಡಿಯಲ್ಲಿ ವೆಸ್ಟ್ ಬ್ರಾಮ್ 31. ನಾಲ್ವರಲ್ಲಿ ಒಬ್ಬರು ಉಳಿಯಬೇಕು. ಕ್ರಿಸ್ಮಸ್ ದಿನ ಪಟ್ಟಿಯ ಕಟ್ಟಕಡೆಗೆ ಇದ್ದ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಉಳಿದದ್ದಿರಲಿಲ್ಲ. ಆ ವರ್ಷ ಕ್ರಿಸ್ಮಸ್‌ಗೆ ಕಟ್ಟಕಡೆಗೆ ಇದ್ದದ್ದು ಇದೇ ವೆಸ್ಟ್ ಬ್ರಾಮ್. ಅವರು ಹಾಥಾರ್ನ್ಸ್ ಮೈದಾನದಲ್ಲಿ ಪೋರ್ಟ್ಸ್‌ಮತ್ ವಿರುದ್ಧ ಆಡುತ್ತಿದ್ದರು. ತಮಾಷೆ ಇರುವುದು ಪೋರ್ಟ್ಸ್‌ಮತ್‌ನ ಅಭಿಮಾನಿಗಳಲ್ಲಿ. ಅವರಿಗೆ ಸೌತಾಂಪ್ಟನ್ ಅಂದರೆ ಆಗದು. ಒಂದೇ ಕರಾವಳಿಯ ಎರಡು ಬಂದರು, ತಲೆಮಾರುಗಳ ಹಗೆ. ತಮ್ಮ ತಂಡ ಇಲ್ಲಿ ಸೋತರೆ ಆ ಹಗೆಯವನು ಇಳಿಯುವ ದಾರಿ ಸಲೀಸು. ತಮ್ಮ ಗೋಲ್‌ಪೋಸ್ಟಿಗೆ ಬಿದ್ದ ಗೋಲಿಗೆ ಪ್ರವಾಸಿ ಅಭಿಮಾನಿಗಳೇ ಕುಣಿದರು. ವೆಸ್ಟ್ ಬ್ರಾಮ್ 2–0 ಗೆದ್ದಿತು. ನಾರಿಚ್ ಫುಲಮ್‌ನಲ್ಲಿ ಅರ್ಧ ಡಜನ್ ಗೋಲು ತಿಂದಿತು, ಸೌತಾಂಪ್ಟನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸೋತಿತು, ಮುಂದಿದ್ದ ಪ್ಯಾಲೆಸ್ ಚಾರ್ಲ್‌ಟನ್‌ನಲ್ಲಿ ಆಟ ಮುಗಿಯಲು ಎಂಟು ನಿಮಿಷವಿದ್ದಾಗ ಗೋಲು ಬಿಟ್ಟುಕೊಟ್ಟು 2–2ಕ್ಕೆ ನಿಂತಿತು. ಸಂಜೆಯ ಹೊತ್ತಿಗೆ ಅಡಿಯಲ್ಲಿದ್ದವನು ಮೇಲೆ, ಉಳಿದ ಮೂವರು ಮನೆಗೆ. ಹಗೆಯನ್ನು ಎಷ್ಟು ಒಪ್ಪವಾಗಿ ಬಳಸಬಹುದು ಎನ್ನುವುದಕ್ಕೆ ಹಾಥಾರ್ನ್ಸ್‌ನ ಆ ಮೂಲೆಗಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಮೊಬೈಲ್ ಬರುವ ಮೊದಲು ಈ ರಸಕ್ಕೆ ಇನ್ನೊಂದು ಒಗರು ಇತ್ತು. ಬೇರೆ ಮೈದಾನದ ಸುದ್ದಿ ಬರುತ್ತಿದ್ದದ್ದು ಕಿವಿಗೆ ಒತ್ತಿಕೊಂಡ ಟ್ರಾನ್ಸಿಸ್ಟರಿನಿಂದ. ಒಬ್ಬನ ಕಿವಿಯಿಂದ ಸಾವಿರ ಬಾಯಿಗೆ ಹೋಗುವಷ್ಟರಲ್ಲಿ ಒಂದು ಗೋಲು ಎರಡಾಗಿರುತ್ತಿತ್ತು. 1996ರ ಮೇ 5ರಂದು ಮ್ಯಾಂಚೆಸ್ಟರ್ ಸಿಟಿ ಇದಕ್ಕೆ ತೆತ್ತ ಬೆಲೆ ದೊಡ್ಡದು. ಲಿವರ್‌ಪೂಲ್ ವಿರುದ್ಧ ಎರಡು ಗೋಲು ಹಿಂದಿದ್ದವರು ಸಮ ಮಾಡಿಕೊಂಡರು. ಇಷ್ಟು ಸಾಕು, ಬೇರೆಯವರು ಸೋಲುತ್ತಿದ್ದಾರೆ ಎಂಬ ಮಾತು ಎಲ್ಲಿಂದಲೋ ಮೈದಾನದೊಳಗೆ ಬಂತು. ಸ್ಟೀವ್ ಲೋಮಸ್ ಚೆಂಡನ್ನು ಕಾರ್ನರ್ ಬಾವುಟದ ಹತ್ತಿರ ಒಯ್ದು, ಬೆನ್ನು ಕೊಟ್ಟು, ಹೊತ್ತು ಕಳೆಯತೊಡಗಿದ. ಸಾಲದು, ಗೆಲ್ಲಲೇಬೇಕು! ಆಗಲೇ ಬದಲಿಯಾಗಿ ಹೊರಗೆ ಬಂದಿದ್ದ ನಯಲ್ ಕ್ವಿನ್‌ಗೆ ನಿಜ ಗೊತ್ತಾಗಿ, ಗೆರೆಯ ಪಕ್ಕದಲ್ಲಿ ಓಡುತ್ತ, ಕೈ ಬೀಸುತ್ತ, ಕೂಗುತ್ತ ಬಂದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಸಿಟಿ ಇಳಿಯಿತು. ಇಂದು ಪ್ರತಿ ಗೋಲಿಗೂ ಪಟ್ಟಿ ತಾನೇ ಮೇಲೆ ಕೆಳಗೆ ಸರಿದಾಡುವುದನ್ನು ಎಲ್ಲರೂ ಅಂಗೈಯಲ್ಲಿ ನೋಡುತ್ತಾರೆ. ಅನುಕೂಲವೇನೋ ಹೌದು. ಗಾಳಿಸುದ್ದಿ ಇಲ್ಲದ ಮೇಲೆ ಈ ಆಟದಲ್ಲಿ ಹಾಸ್ಯಕ್ಕೆ ಜಾಗ ಕಡಿಮೆಯಾಯಿತು ಎಂದು ನನ್ನ ತಕರಾರು.

ಹಾಸ್ಯದ ಮಾತು ಬಂತು. ಟಾರ್ಕಿ ಊರಿನ ಬ್ರಿನ್ ಎಂಬ ನಾಯಿಯನ್ನು ಬಿಟ್ಟರೆ ಆಗುತ್ತದೆಯೇ? 1987ರ ಮೇ 9. ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಕಡೆಯ ತಂಡ ನೇರವಾಗಿ ಲೀಗಿನಿಂದಲೇ ಹೊರಬೀಳುವ ನಿಯಮ ಜಾರಿಗೆ ಬಂದ ಮೊದಲ ವರ್ಷ. ಟಾರ್ಕಿ ಯುನೈಟೆಡ್, ಕ್ರೂ ವಿರುದ್ಧ ಒಂದು ಗೋಲು ಹಿಂದೆ. ಆಟ ಮುಗಿಯುತ್ತ ಬಂದಾಗ ಜಿಮ್ ಮೆಕ್‌ನಿಕಲ್ ಎಂಬ ರಕ್ಷಣಾ ಆಟಗಾರ ಚೆಂಡಿನ ಹಿಂದೆ ಗೆರೆಯತ್ತ ಓಡಿದ. ಅಲ್ಲಿ ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ನಾಯಿ, ತನ್ನ ಯಜಮಾನನ ಮೇಲೇ ಬೀಳಲು ಬರುತ್ತಿದ್ದಾನೆ ಅಂದುಕೊಂಡಿತೋ ಏನೋ, ತೊಡೆಗೆ ಬಾಯಿ ಹಾಕಿತು. ಮೆಕ್‌ನಿಕಲ್‌ಗೆ ಪಟ್ಟಿ ಕಟ್ಟಲು ಹಿಡಿದ ಹೊತ್ತನ್ನು ರೆಫರಿ ಆಟಕ್ಕೆ ಸೇರಿಸಿದ. ಆ ಸೇರಿಸಿದ ನಿಮಿಷಗಳಲ್ಲೇ ಪಾಲ್ ಡಾಬ್ಸನ್ ಗೋಲು ಹೊಡೆದು 2–2 ಮಾಡಿದ. ಟಾರ್ಕಿ ಉಳಿಯಿತು, ಲಿಂಕನ್ ಸಿಟಿ ಹೊರಬಿತ್ತು. ಋತುವಿಡೀ ನಡೆದ ವಾದದಲ್ಲಿ ನಾಯಿಯನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇರಲಿಲ್ಲ.

ಅದ್ಭುತ ಬೇಕೆನ್ನುವವರು ಕಾರ್ಲೈಲ್‌ಗೆ ಹೋಗಬೇಕು. 1999ರ ಮೇ 8, ಪ್ಲಿಮತ್ ವಿರುದ್ಧ 1–1. ರೆಫರಿ ಕೊಟ್ಟ ನಾಲ್ಕು ನಿಮಿಷದ ಇಂಜುರಿ ಟೈಮ್‌ನಲ್ಲಿ ಉಳಿದದ್ದು ಕೆಲವೇ ಸೆಕೆಂಡು, ಒಂದು ಕಾರ್ನರ್. ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಜಾಗ ಬಿಟ್ಟು ಎದುರಾಳಿಯ ಗೋಲಿನ ಮುಂದಕ್ಕೆ ಓಡಿ ಬಂದ. ಸ್ವಿಂಡನ್‌ನಿಂದ ಎರವಲು ತಂದ ಆಟಗಾರ ಅವನು, ಕಾರ್ಲೈಲ್ ಪರ ಆಡಿದ್ದೇ ಒಟ್ಟು ಮೂರು ಪಂದ್ಯ. ಮೊದಲ ಹೆಡರನ್ನು ಎದುರಾಳಿ ಕೀಪರ್ ತಳ್ಳಿದ, ಚೆಂಡು ಗ್ಲಾಸ್‌ನ ಕಾಲ ಬಳಿಗೆ ಉರುಳಿತು, ಬಲಗಾಲಿನಿಂದ ಬಾರಿಸಿದ. 1928ರಿಂದ ಲೀಗಿನಲ್ಲಿದ್ದ ತಂಡ ಹೀಗೆ ಉಳಿಯಿತು. ಜನ ಮೈದಾನಕ್ಕೆ ನುಗ್ಗಿ ಅವನನ್ನು ಎತ್ತಿಕೊಂಡರು.

ಆ ಹೊತ್ತಿನಲ್ಲಿ ದೇಶದ ಇನ್ನೊಂದು ಬದಿಯಲ್ಲಿ ಸ್ಕಾರ್ಬರೊದ ಜನ ತಮ್ಮ ಪಂದ್ಯ 1–1ಕ್ಕೆ ಮುಗಿಸಿಕೊಂಡು, ಉಳಿದೆವು ಎಂದು ಮೈದಾನದಲ್ಲಿ ಇಳಿದು ಕುಣಿಯುತ್ತಿದ್ದರು. ಅವರ ರೇಡಿಯೊಗೂ ಕಾರ್ಲೈಲ್‌ನ ಸುದ್ದಿ ಬಂತು. ಒಂದೇ ಗೋಲು ಒಂದೂರಲ್ಲಿ ಅದ್ಭುತ, ಇನ್ನೊಂದೂರಲ್ಲಿ ಕರುಣ. ಸ್ಕಾರ್ಬರೊ ಮತ್ತೆ ಲೀಗಿಗೆ ಬರಲಿಲ್ಲ. 2007ರಲ್ಲಿ ಕ್ಲಬ್ಬೇ ಮುಚ್ಚಿತು. ಜಿಮ್ಮಿ ಗ್ಲಾಸ್‌ನ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗಕ್ಕೆ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಅರ್ಧ ಊಟ ಬಡಿಸಿ ಎದ್ದು ಹೋದಂತೆ ಕಾಣುತ್ತದೆ.

ನಮ್ಮ ಐಪಿಎಲ್‌ನಲ್ಲಿ ಕಡೆಯ ಸ್ಥಾನಕ್ಕೆ ಬಿದ್ದ ತಂಡ ಮುಂದಿನ ವರ್ಷ ಅದೇ ಹೆಸರು, ಅದೇ ಠೀವಿಯಿಂದ ಮತ್ತೆ ಬರುತ್ತದೆ. 'ಈ ಸಲ ಕಪ್ ನಮ್ದೇ' ಎನ್ನುವ ಕೂಗಿನಲ್ಲಿ ಕಪ್ ತಪ್ಪುವ ಭಯ ಇದೆಯೇ ಹೊರತು ಇರುವ ಮನೆ ತಪ್ಪುವ ಭಯ ಇಲ್ಲ. ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್ಬಿಗೆ ಟಿವಿ ಹಣ ಬತ್ತುತ್ತದೆ, ಆಟಗಾರರು ಚೆದುರುತ್ತಾರೆ, ಕಚೇರಿಯಲ್ಲಿ ಫೈಲು ನೋಡುವವರ, ಅಡುಗೆಮನೆಯಲ್ಲಿ ದುಡಿಯುವವರ ಕೆಲಸಕ್ಕೂ ಕುತ್ತು ಬರುತ್ತದೆ. ಮಾತಿಗೆ ಆ ಬಿಸಿ ಬರುವುದು ಅಲ್ಲಿಂದ.

ಈ ವಾದವನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಯಾರೆಂದು ಕೇಳಿದರೆ ನಾನು ಎವರ್ಟನ್ ಅಭಿಮಾನಿಗಳ ಕಡೆ ಕೈ ತೋರಿಸುತ್ತೇನೆ. ಒಂಬತ್ತು ಸಲ ಲೀಗ್ ಗೆದ್ದ, 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ಕ್ಲಬ್‌ಗಳಲ್ಲಿ ಒಂದಾದ, ಇಡೀ ಚರಿತ್ರೆಯಲ್ಲಿ ಎರಡೇ ಸಲ ಇಳಿದ, 1954ರಿಂದ ಒಂದು ವರ್ಷವೂ ಮೇಲಿನ ದರ್ಜೆ ಬಿಡದ ತಂಡ ಅದು. ಬಡವನಿಗೆ ಬೀಳುವ ಭಯ ಒಂದು ಬಗೆಯದು, ಮನೆತನ ದೊಡ್ಡದೆನ್ನುವವನ ಭಯ ಇನ್ನೊಂದು ಬಗೆಯದು. ಇಲ್ಲಿರುವುದು ಎರಡನೆಯದು. 2025ರವರೆಗೆ ಅವರ ತವರಾಗಿದ್ದ ಗುಡಿಸನ್ ಪಾರ್ಕ್ 1892ರಲ್ಲಿ ಕಟ್ಟಿದ ಮೈದಾನ. ಮೂಲೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚು ಎರಡು ಸ್ಟ್ಯಾಂಡುಗಳ ನಡುವೆ ತಲೆ ತೂರಿಸಿಕೊಂಡು ನಿಂತಿದೆ. ಪಂದ್ಯಕ್ಕೆ ಮೊದಲು ಒಬ್ಬ ಹುಡುಗಿ ಹಳೆಯ ಕಾಲದ ಉಡುಪು ತೊಟ್ಟು, ಬುಟ್ಟಿ ಹಿಡಿದು, ಮೈದಾನದ ಸುತ್ತ ನಡೆಯುತ್ತ ಪುದೀನ ಪೆಪ್ಪರ್‌ಮಿಂಟನ್ನು ಜನರತ್ತ ಎಸೆಯುತ್ತಿದ್ದಳು. ತಂಡ ಮುಳುಗುವ ದಿನವೂ ಈ ಪೆಪ್ಪರ್‌ಮಿಂಟು ತಪ್ಪಿದ್ದಲ್ಲ. ಅದನ್ನು ಬಾಯಿಗೆ ಹಾಕಿಕೊಂಡೇ 'ಇವತ್ತು ಮುಗೀತು ಬಿಡು' ಎನ್ನುವವನನ್ನು ಕಲ್ಪಿಸಿಕೊಳ್ಳಿ.

1994ರ ಮೇ 7ರಂದು ಆ ಮಾತು ನಿಜವಾಗುವುದರಲ್ಲಿತ್ತು. ಆಗ ಲೀಗಿನಲ್ಲಿ 22 ತಂಡ, ಎವರ್ಟನ್ ಇಳಿಯುವ ಮೂವರಲ್ಲಿ ಒಂದು. ಎದುರಾಳಿ ವಿಂಬಲ್ಡನ್, ಆ ವರ್ಷ ಆರನೇ ಸ್ಥಾನ ಪಡೆದ ಗಟ್ಟಿ ತಂಡ. ಒಂದು ಬದಿಯ ಸ್ಟ್ಯಾಂಡನ್ನು ಕೆಡವಿ ಹೊಸದು ಕಟ್ಟುತ್ತಿದ್ದರಿಂದ ಟಿಕೆಟ್ ಸಿಗದವರು ಹೊರಗಿನ ಮರ ಹತ್ತಿ ಕೂತಿದ್ದರು. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಆಂಡರ್ಸ್ ಲಿಂಪಾರ್ ಯಾವ ಕಾರಣವೂ ಇಲ್ಲದೆ ಪೆನಾಲ್ಟಿ ಆವರಣದಲ್ಲಿ ಚೆಂಡಿಗೆ ಕೈ ಹಾಕಿದ; ಪೆನಾಲ್ಟಿ, 0–1. ಇಪ್ಪತ್ತು ನಿಮಿಷಕ್ಕೆ ಗ್ಯಾರಿ ಆಬ್ಲೆಟ್ ತನ್ನದೇ ಬಲೆಗೆ ಉಡುಗೊರೆ ಗೋಲು, 0–2. ಆಮೇಲೆ ಅದೇ ಲಿಂಪಾರ್ ಎದುರಾಳಿಯ ಆವರಣದಲ್ಲಿ ಬಿದ್ದ. ಬಿದ್ದನೋ ಬೀಳಿಸಿದರೋ ಎಂಬ ಬಗ್ಗೆ ಇಂದಿಗೂ ಎರಡು ಮಾತಿದೆ, ಎವರ್ಟನ್ನವರೂ ತುಟಿಯಂಚಿನಲ್ಲಿ ನಗುತ್ತಾರೆ. ಗ್ರಹಾಂ ಸ್ಟೂವರ್ಟ್ ಪೆನಾಲ್ಟಿಯನ್ನು ಗೋಲಾಗಿಸಿದ. 67ನೇ ನಿಮಿಷದಲ್ಲಿ ಬ್ಯಾರಿ ಹಾರ್ನ್, ಗೋಲಿಗೂ ತನಗೂ ಹೆಚ್ಚಿನ ನಂಟಿಲ್ಲದ ಮಿಡ್‌ಫೀಲ್ಡರ್, ಸುಮಾರು 30 ಗಜದಿಂದ ಒದ್ದ ಚೆಂಡು ನೇರ ಮೂಲೆಗೆ ಹೋಯಿತು. 81ನೇ ನಿಮಿಷದಲ್ಲಿ ಸ್ಟೂವರ್ಟ್‌ನ ಇನ್ನೊಂದು ಹೊಡೆತ. ಅಷ್ಟೇನೂ ಜೋರಿಲ್ಲದ ಆ ಚೆಂಡು ಕೀಪರನ ಕೈ ತಪ್ಪಿಸಿ ಒಳಗೆ ಹೋಯಿತು. 3–2. ಅತ್ತ ಚೆಲ್ಸಿಯಲ್ಲಿ ಸಮ ಮಾಡಿಕೊಂಡಿದ್ದರೆ ಸಾಕಿದ್ದ ಶೆಫೀಲ್ಡ್ ಯುನೈಟೆಡ್ ಕೊನೆಯ ಗಳಿಗೆಯ ಗೋಲಿಗೆ ಸೋತು ಇಳಿಯಿತು.

ನಾಲ್ಕು ವರ್ಷಕ್ಕೆ ಮತ್ತದೇ ಪಾಡು. 1998ರಲ್ಲಿ ಎವರ್ಟನ್, ಬೋಲ್ಟನ್ ಇಬ್ಬರದೂ 40 ಅಂಕ. ಪವಿತ್ರ ಅಂಕಿ ಒಬ್ಬನನ್ನು ಕಾಯಿತು, ಒಬ್ಬನನ್ನು ಕೈಬಿಟ್ಟಿತು. ಗೋಲು ವ್ಯತ್ಯಾಸದಲ್ಲಿ ಎವರ್ಟನ್ ಉಳಿಯಿತು. 2022ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಮೇಲೆ ಮತ್ತೆ 0–2ರಿಂದ 3–2. ಅಂದಿನಿಂದ 'ಹೇಗೋ ಉಳ್ಕೋತೀವಿ' ಪಕ್ಷದವರಿಗೆ ಬಲ ಬಂದಿದೆ. ಎದುರು ಪಕ್ಷದವರ ಉತ್ತರವೂ ಸಿದ್ಧ: ಎಷ್ಟು ಸಲ ಅಂತ?

2023–24ರಲ್ಲಿ ಮಾತ್ರ ಈ ಮಾತಿನ ಸವಿ ಕೆಟ್ಟಿತು ಎನ್ನಬೇಕು. ಹಣಕಾಸಿನ ನಿಯಮ ಮೀರಿದ್ದಕ್ಕೆ ನವೆಂಬರಿನಲ್ಲಿ ಹತ್ತು ಅಂಕ ಕಡಿತವಾಯಿತು, ಮೇಲ್ಮನವಿಯ ಮೇಲೆ ಫೆಬ್ರವರಿಯಲ್ಲಿ ಅದು ಆರಕ್ಕೆ ಇಳಿಯಿತು, ಏಪ್ರಿಲಿನಲ್ಲಿ ಬೇರೊಂದು ಪ್ರಕರಣಕ್ಕೆ ಇನ್ನೆರಡು ಹೋಯಿತು. ಕೂಡುವುದೋ ಕಳೆಯುವುದೋ ತಿಳಿಯದ ಪಟ್ಟಿ. ಅಭಿಮಾನಿಗಳ ಬಾಯಲ್ಲಿ ಮುನ್ಪಡೆಯ ಮಂಡಿನೋವು ಹೋಗಿ ಲೆಕ್ಕಪತ್ರ, ಬಡ್ಡಿ, ಸವಕಳಿ ಬಂದವು. ಮ್ಯಾಂಚೆಸ್ಟರ್ ಯುನೈಟೆಡ್ ಬಂದ ದಿನ ಗುಡಿಸನ್‌ನಲ್ಲಿ ಸಾವಿರಾರು ಜನ, ಲೀಗ್ ಭ್ರಷ್ಟ ಎಂದು ಬರೆದ ಗುಲಾಬಿ ಬಣ್ಣದ ಹಾಳೆ ಎತ್ತಿ ಹಿಡಿದರು. ಆ ವರ್ಷ ಎರಡು ಪಕ್ಷವೇ ಇರಲಿಲ್ಲ. ಎಲ್ಲರೂ ಒಂದಾಗಿ ಹೊರಗಿನವರ ಮೇಲೆ ಸಿಟ್ಟಾದರು. ಸಿಟ್ಟಿಗೆ ನ್ಯಾಯವಿತ್ತೋ ಇಲ್ಲವೋ, ರೌದ್ರ ಒಂದೇ ಉಳಿದ ಕಡೆ ಮಾತಿನ ಬಣ್ಣ ಕಡಿಮೆ.

ಅದಕ್ಕೆ ಹಿಂದಿನ ವರ್ಷದ ಕೊನೆಯ ದಿನಕ್ಕೆ ಸಮನಾದದ್ದು ನಾನು ಬೇರೆ ಕಂಡಿಲ್ಲ. 2023ರ ಮೇ 28. ಎವರ್ಟನ್ 33 ಅಂಕ. ಲೆಸ್ಟರ್, ಲೀಡ್ಸ್ ತಲಾ 31. ಎವರ್ಟನ್‌ಗೆ ಬೋರ್ನ್‌ಮತ್ ಎದುರಾಳಿ, ಮುಖ್ಯ ಗೋಲುಗಾರ ಕಾಲ್ವರ್ಟ್-ಲೂವಿನ್ ಗಾಯಾಳು. 34ನೇ ನಿಮಿಷಕ್ಕೆ ಲೆಸ್ಟರ್ ತನ್ನ ಮೈದಾನದಲ್ಲಿ ಮುಂದೆ ಬಂತು. ಆ ಕ್ಷಣಕ್ಕೆ ಎವರ್ಟನ್ ಕೆಳಗೆ. ಸುದ್ದಿ ಗುಡಿಸನ್‌ನ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು ಜನರ ಕುತ್ತಿಗೆಗಳಲ್ಲೇ ಕಾಣುತ್ತಿತ್ತು, ಎಲ್ಲರೂ ಫೋನಿನ ಮೇಲೆ ಬಾಗಿದ್ದರು. 57ನೇ ನಿಮಿಷದಲ್ಲಿ ಎದುರಾಳಿ ತಲೆಯಿಂದ ಹೊರಕ್ಕಟ್ಟಿದ ಚೆಂಡು ಆವರಣದ ಅಂಚಿನಾಚೆ ನಿಂತಿದ್ದ ಅಬ್ದುಲಾಯೆ ಡುಕುರೆಯ ಮುಂದೆ ಪುಟಿಯಿತು. ಅವನು ಅದನ್ನು ಅಣಿ ಮಾಡಿಕೊಳ್ಳಲು ಹೋಗಲಿಲ್ಲ. ಬಂದ ಹಾಗೇ ಒದ್ದ. 1–0. ಇನ್ನು 33 ನಿಮಿಷ ಎಂದು ಎಣಿಸುತ್ತ ಕೂತವರಿಗೆ ಕೊನೆಯಲ್ಲಿ ಫಲಕ ತೋರಿದ ಇಂಜುರಿ ಟೈಮ್ ಹತ್ತು ನಿಮಿಷ. 'ಇಳೀತೀವಿ' ಪಕ್ಷದವನು ಆ ಹತ್ತು ನಿಮಿಷ ತನ್ನ ವಾದದ ಒಂದು ಪದವನ್ನೂ ಆಡಲಿಲ್ಲ ಎಂದು ನಾನು ಪಂತ ಕಟ್ಟಬಲ್ಲೆ. ಗೋಲು ಬೀಳಲಿಲ್ಲ. ಸೋಲಲೆಂದೇ ಹೂಡಿದ ವಾದ ಸೋತಿತು, ಹೂಡಿದವನು ಮೈದಾನಕ್ಕೆ ಇಳಿದು ಓಡಿದ.

ಲೆಸ್ಟರ್‌ನಲ್ಲಿ ವಾದ ಗೆದ್ದಿತು. ಅವರು ಅಂದು ವೆಸ್ಟ್ ಹ್ಯಾಮ್ ಮೇಲೆ 2–1 ಜಯಿಸಿಯೂ 34 ಅಂಕಕ್ಕೆ ನಿಂತರು, ಎವರ್ಟನ್ 36. ಏಳು ವರ್ಷದ ಹಿಂದೆ, 2016ರಲ್ಲಿ, ಒಂದಕ್ಕೆ ಐದು ಸಾವಿರದ ಬಾಜಿಯ ಎದುರು ಇಡೀ ಲೀಗನ್ನೇ ಗೆದ್ದ ತಂಡ ಅದು. ಫೆಬ್ರವರಿಯಿಂದ 'ಈ ಸಲ ಇಳಿದೇ ಇಳೀತೀವಿ' ಎಂದು ಪುರಾವೆ ಸಮೇತ ಹೇಳುತ್ತ ಬಂದವನನ್ನು ಅಲ್ಲಿ ಯಾರೂ ಹೊಗಳಲಿಲ್ಲ, ಅವನೂ ನಾನು ಹೇಳಿರಲಿಲ್ಲವೇ ಎಂದು ಬೀಗಲಿಲ್ಲ. ಆಗಸ್ಟ್ 6ಕ್ಕೆ ಕೆಳಗಿನ ದರ್ಜೆಯ ಮೊದಲ ಪಂದ್ಯ, ಕವೆಂಟ್ರಿ ವಿರುದ್ಧ. ಮೊದಲು ಗೋಲು ಬಿದ್ದದ್ದು ಲೆಸ್ಟರ್‌ಗೇ. ಕೊನೆಯ ಕಾಲು ಗಂಟೆಯಲ್ಲಿ ಡ್ಯೂಸ್‌ಬರಿ-ಹಾಲ್ ಎರಡು ಗೋಲು ಹೊಡೆದು ಪಂದ್ಯ ತಿರುಗಿಸಿದ. ಹೊರಗೆ ಬರುವಷ್ಟರಲ್ಲಿ ಮತ್ತೆ ಎರಡು ಪಕ್ಷ ಆಗಿತ್ತು, 'ಈ ವರ್ಷ ಮೇಲಕ್ಕೆ ಹೋಗೋದು ಕನಸು ಬಿಡು' ಅನ್ನುವವನದು ಒಂದು.